ನಾಲ್ಕು ಸೆಂಟಿಮೀಟರ್ ನೀರು

ಹಳ್ಳದಲ್ಲಿ ಹನಿ ನೀರಿರಲಿಲ್ಲ. ಆದರೂ ಲುಂಬಿನಿ ಇಪ್ಪತ್ಮೂರು ದಿನಗಳಿಂದ, ದಿನಾ ಮುಂಜಾನೆ ಎಂಟಕ್ಕೆ ಸರಿಯಾಗಿ, ನಾಲ್ಕು ಸೆಂಟಿಮೀಟರ್ ನೀರಿದೆ ಎಂದು ಸುರೇಶಕುಮಾರನಿಗೆ ವಾಟ್ಸಾಪ್ ಮಾಡುತ್ತಿದ್ದಳು.

ಯಾಕೆ ಅಂತೀರಾ? ಹೇಳುತ್ತೇನೆ, ತಾಳಿ. ಮೊದಲು ಆ ಸಂಜೆಯ ಫಜೀತಿ ಕೇಳಿ. ಹೊಲಿಗೆ ಮಷೀನಿನ ಮೇಲಿಟ್ಟಿದ್ದ ಫೋನು ಟಿಂಗ್ ಅಂದಿತು.

"ನಾಳಿ ಮುಂಜಾನಿ ಬರ್ಲಿಕತ್ತೀನಿ. ನಿಮ್ಮ ಒರತಿ ಒಮ್ಮೆ ಕಣ್ಣಾರೆ ನೋಡ್ಬೇಕು. ಚಹಾ ರೆಡಿ ಇಡ್ರಿ."

ಎರಡು ವರ್ಷಗಳಲ್ಲಿ ಅವನು ಚಹಾದ ಮಾತೆತ್ತಿದ್ದು ಅದೇ ಮೊದಲು. ಲುಂಬಿನಿಗೆ ಎದ್ದು ಕುಣಿಯಬೇಕೆನಿಸಿತು. ಮರುಕ್ಷಣ 'ಒರತಿ' ಎಂಬ ಶಬ್ದ ಕಣ್ಣಿಗೆ ಬಿತ್ತು. ಯಾವ ಒರತಿ? ಎಲ್ಲಿಯ ಒರತಿ?

ಸೇಡಂ ರಸ್ತೆಯಿಂದ ಮೂರು ಕಿಲೋಮೀಟರ್ ಒಳಗಿದ್ದ ಆ ಪುಟ್ಟ ಹಳ್ಳಿಯಲ್ಲಿ ಒಂದು ಕಾಲಕ್ಕೆ ಹತ್ತೊಂಬತ್ತು ಮನೆ. ಸುಣ್ಣಗಲ್ಲಿನ ಗಣಿ ಬಂತು, ನಕಾಶೆಯ ಮೇಲೆ ಗೆರೆ ಬಿತ್ತು. ಗೆರೆಯೊಳಗಿನ ಹದಿನೆಂಟು ಮನೆಯವರು ಗಂಟುಮೂಟೆ ಕಟ್ಟಿಕೊಂಡು ಕೆಲವರು ವಾಡಿ ಜಂಕ್ಷನ್ನಿಗೆ, ಕೆಲವರು ಚಂದಾಪುರಕ್ಕೆ ಹೋದರು. ಗೆರೆ ಸರಿಯಾಗಿ ಲುಂಬಿನಿಯ ಹಿತ್ತಲ ಗೋಡೆಗೆ ಬಂದು ನಿಂತಿತ್ತು. ಹಾಗಾಗಿ ಅವಳ ಮನೆ ಒಂದೇ ಉಳಿಯಿತು. ಮಧ್ಯಾಹ್ನ ಗಣಿಯ ಸೈರನ್ ಕೂಗುತ್ತದೆ, ಧಡ್ ಅಂತ ಬ್ಲಾಸ್ಟಿಂಗ್ ಆಗುತ್ತದೆ, ಅಟ್ಟದ ಮೇಲಿನ ಡಬ್ಬಿಗಳು ಅಲುಗುತ್ತವೆ. ಅದು ಬಿಟ್ಟರೆ ದಿನವಿಡೀ ಸದ್ದಿಲ್ಲ.

ಮನೆಯಲ್ಲಿ ಇದ್ದವರು ಇಬ್ಬರು. ಲುಂಬಿನಿ, ಮತ್ತವಳ ಚಿಗವ್ವ ಸಾಬಮ್ಮ. ಲುಂಬಿನಿಗೆ ಮೂವತ್ತೆರಡು. ಮದುವೆಯಾಗಿ ಶಹಾಬಾದಿಗೆ ಹೋಗಿ, ವರ್ಷದೊಳಗೆ ಸೋಡಚೀಟಿ, ಅಂದರೆ ವಿಚ್ಛೇದನದ ಕಾಗದ, ಹಿಡಿದು ತಿರುಗಿ ಬಂದವಳು. ಅದನ್ನು ನೆನೆದು ಅವಳು ಅಳುವುದಿಲ್ಲ. ಅಳು ಬರುತ್ತಿದ್ದುದು ಬೇರೆಯದಕ್ಕೆ. ಒಂದಿಡೀ ದಿನ ಯಾರೂ ತನ್ನ ಹೆಸರು ಹಿಡಿದು ಕರೆಯಲಿಲ್ಲವಲ್ಲ ಎನ್ನುವುದಕ್ಕೆ.

ಅಂಥ ಮನೆಗೆ ಎರಡು ವರ್ಷದ ಹಿಂದೆ ಸುರೇಶಕುಮಾರ ಬಂದಿದ್ದ. ಅವನು ಎಂಜಿನಿಯರ್. ಹಳ್ಳ ಸುಣ್ಣಗಲ್ಲಿನ ಮೇಲೆಯೇ ಹರಿಯುತ್ತಿತ್ತು, ಗಣಿಗೆ ಆ ಕಲ್ಲು ಬೇಕು. ಹಾಗಾಗಿ ಹಳ್ಳಕ್ಕೆ ಗಣಿಯ ಸುತ್ತ ಹೊಸ ಕಾಲುವೆ ತೋಡಿ, ಕೆಳಗೆ ಮತ್ತೆ ಹಳೇ ಹಾದಿಗೆ ತಂದು ಕೂಡಿಸಬೇಕು. ಅದರ ನಕಾಶೆ ಅವನ ಕೆಲಸ.

"ಹಳ್ಳ ಎಷ್ಟು ಏರ್ತದ, ಎಷ್ಟು ಇಳೀತದ ಗೊತ್ತಿಲ್ದ ಹಾದಿ ತೋಡಿದ್ರ, ಮೊದಲ ಮಳಿಗೇ ಅದು ಹಳೇ ಮನಿ ಹುಡಿಕ್ಯೋತ ಗಣಿಯೊಳಗ ಇಳೀತದ್ರಿ," ಎಂದಿದ್ದ. ಹಳ್ಳದಲ್ಲಿ ಒಂದು ಕಂಬ ನೆಟ್ಟು, ಅದಕ್ಕೆ ಸೆಂಟಿಮೀಟರ್ ಅಂಕಿಗಳ ಪಟ್ಟಿ ಬಡಿದು, ದಿನಾ ಎಂಟಕ್ಕೆ ನೀರಿನ ಮಟ್ಟ ಓದುವ ಕೆಲಸವನ್ನು ಅವಳಿಗೆ ಕೊಟ್ಟುಹೋದ. ಬುಕ್ಕಿನಲ್ಲಿ ಬರೆಯಬೇಕು, ಅವನಿಗೆ ಮೆಸೇಜ್ ಹಾಕಬೇಕು.

"38." "ಓಕೆ."

"41." "ಓಕೆ."

ಒಂದು ದಿನ: "96. ರಾತ್ರಿ ಭಾಳ ಗುಡುಗು." ಅವನ ಉತ್ತರ: "ಓಕೆ. ಹೆದರಿದ್ರೇನು?"

ಲುಂಬಿನಿ ಆ ಪ್ರಶ್ನೆಯನ್ನು ಎಷ್ಟು ಸಲ ಓದಿದಳೋ. ಅಲ್ಲಿಂದ ಮುಂದೆ ಊಟ ಆಯ್ತೇನು ಬಂತು, ಇವತ್ತು ಫೀಲ್ಡಿನಲ್ಲಿ ಬಿಸಿಲು ತಲೆ ಸುಡ್ತು ಬಂತು, ಸಾಬಮ್ಮನ ಮೊಣಕಾಲು ನೋವು ಬಂತು. ಆದರೆ ಎಲ್ಲಕ್ಕೂ ಮುಂದೆ ಒಂದು ಅಂಕಿ ಇರಲೇಬೇಕು. ಅಂಕಿ ಇಲ್ಲದೆ ಬರೆಯಲು ಇಬ್ಬರಿಗೂ ಧೈರ್ಯವಿರಲಿಲ್ಲ. ಮೇಲಾಗಿ ಒಂದು ನಿಯಮವೂ ಇತ್ತು. ಹಳ್ಳ ಬತ್ತಿದ ದಿನ 'ಒಣ' ಎಂದು ಬರೆದು ಮುಗಿಸಬೇಕು, ಮಳೆ ಬರುವ ತನಕ ಮೆಸೇಜ್ ಬೇಡ.

ಹೋದ ಬೇಸಿಗೆ ಅವಳು ನಿಯಮ ಪಾಲಿಸಿದಳು. ನಲವತ್ತೇಳು ದಿನ ಫೋನು ಕಲ್ಲಿನಂತೆ ಬಿದ್ದಿತ್ತು. ಈ ಬೇಸಿಗೆ ಮೇ ಎರಡನೇ ತಾರೀಖು ಹಳ್ಳ ಬತ್ತಿತು. ಕಂಬದ ಬುಡದ ಒಣಗಿದ ಕೆಸರನ್ನು ನೋಡುತ್ತ ನಿಂತಳು. 'ಒಣ' ಎಂದು ಬರೆಯಲು ಕೈ ಬರಲಿಲ್ಲ. "4" ಎಂದು ಒತ್ತಿಬಿಟ್ಟಳು.

ಒಂದೇ ದಿನಕ್ಕೆ ಅಂದುಕೊಂಡಿದ್ದಳು. ಸುಳ್ಳು ಒಂದು ದಿನಕ್ಕೆ ನಿಲ್ಲುವ ಜಾತಿಯದಲ್ಲ.

ಆ ಸಂಜೆ ಎಲ್ಲವನ್ನೂ ಚಿಗವ್ವನಿಗೆ ಹೇಳಿದಳು. ಸಾಬಮ್ಮ ಎಲೆ ಅಡಿಕೆ ಬಾಯಲ್ಲಿಟ್ಟುಕೊಂಡೇ ಕೇಳಿದಳು.

"ಉಪ್ಪು ತಿಂದಾಕಿ ನೀರು ಕುಡೀಬೇಕು ಅಂತಾರ. ನಿನ್ನ ಹಳ್ಳದಾಗ ಅದೂ ಇಲ್ಲಲ್ಲೇ ಪೋರಿ!"

"ನಗಬ್ಯಾಡ ಚಿಗವ್ವಾ. ಏನ್ ಮಾಡ್ಲಿ ಹೇಳು."

"ಏನ್ ಮಾಡ್ತಿ? ಬೋರಿನ ನೀರು ಅದ, ಕೊಡ ಅವ. ಹೊಯ್ಯೋಣು. ನಾಲ್ಕ ಬಟ್ಟಿನಷ್ಟು ನೀರು, ಅದೇನ್ ಸಮುದ್ರೇನು?"

ಬೆಳಕು ಹರಿಯುವ ಮುಂಚೆ ಇಬ್ಬರೂ ಶುರು ಮಾಡಿದರು. ಇಪ್ಪತ್ತು ಕೊಡ, ಮೂವತ್ತು ಕೊಡ. ಸುಣ್ಣಗಲ್ಲಿನ ಬಿರುಕು ಬಾಯಿ ತೆರೆದುಕೊಂಡು ಗಟಗಟ ಕುಡಿಯಿತು. ನಲವತ್ತನೆಯ ಕೊಡಕ್ಕೆ ಸಾಬಮ್ಮ ಸೊಂಟ ಹಿಡಿದುಕೊಂಡು ಕುಂತಳು. "ಎವ್ವಾ, ಇದು ಹಳ್ಳಲ್ಲ, ಹಸಿದ ರಾಕ್ಷಸ!" ಕಂಬದ ಬುಡದಲ್ಲಿ ಉಳಿದದ್ದು ಒಂದು ಒದ್ದೆ ಕಲೆ ಮಾತ್ರ.

ಅಷ್ಟರಲ್ಲಿ ಜೀಪಿನ ಹಾರ್ನ್ ಕೇಳಿತು.

ಸುರೇಶಕುಮಾರ ಇಳಿದ. ಮೂವತ್ತೇಳರ ಮನುಷ್ಯ, ಬಿಸಿಲಿಗೆ ಕಂದಿದ ಮುಖ, ಇಸ್ತ್ರಿ ಮಾಡಿದ ಆಕಾಶ ನೀಲಿ ಅಂಗಿ. ಡ್ರೈವರ್ ಮಶಾಕ ಬಾಗಿಲು ಹಾಕುತ್ತ ನಕ್ಕ. "ಮೇಡಮ್ಮರ, ಸಾಹೇಬ್ರು ಹಾದಿ ಉದ್ದಕ್ಕೂ ನನ್ನ ಕನ್ನಡಿ ತಮ್ಮ ಕಡಿ ತಿರಿಗಿಸ್ಕೊಂಡು ಕುಂತಾರ್ರಿ. ಹಿಂದಿನ ಗಾಡಿ ಒಂದೂ ಕಾಣ್ಲಿಲ್ಲ ನನಗ."

"ಮಶಾಕಣ್ಣ, ಗಾಡಿಗಿ ನೀರು ಹಾಕಿ ಬಾ ಹೋಗು," ಎಂದ ಸುರೇಶಕುಮಾರ. ಕಿವಿ ಕೆಂಪಗಾಗಿತ್ತು.

ಲುಂಬಿನಿ ಚಹಾ ಕೊಟ್ಟಳು. ಕಪ್ಪು-ಬಸಿ ತೆಗೆದುಕೊಳ್ಳುವಾಗ ಅವನು ಅವಳ ಕೈ ನೋಡಿದ, ಆಮೇಲೆ ಸೀರೆಯ ಅಂಚು ನೋಡಿದ. ಅದು ಮೊಣಕಾಲ ತನಕ ಒದ್ದೆಯಾಗಿತ್ತು.

"ಮುಂಜಾನಿ ಮುಂಜಾನಿ ಬಟ್ಟಿ ಒಗದ್ರೇನು?"

"ಹೂಂ," ಎಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವಳ ಕೈ ತಾನಾಗಿ ಸೆರಗು ಹಿಂಡಿತು. ಅವನು ನೋಡಿಯೂ ನೋಡದವನಂತೆ ಚಹಾ ಹೀರಿದ. ಕಣ್ಣು ಮಾತ್ರ ಬಸಿಯ ಅಂಚಿನ ಮೇಲಿಂದ ಅವಳನ್ನೇ ಹುಡುಕುತ್ತಿತ್ತು. ಎಷ್ಟು ದಿನದಿಂದ ಅವಳು ಕಾದಿದ್ದ ನೋಟ ಅದು! ಇವತ್ತೇ ಬರಬೇಕಿತ್ತೇ?

ಹಳ್ಳದ ಕಡೆ ನಡೆಯುತ್ತ ಅವನು ಖುಷಿಯಲ್ಲಿದ್ದ. ಚೀಲದಿಂದ ನಕಾಶೆ ತೆಗೆದು ನಡೆಯುತ್ತಲೇ ಬಿಚ್ಚಿದ. ಅದರ ಮೇಲೆ ಎರಡು ಗೆರೆ, ಒಂದು ಕೆಂಪು, ಒಂದು ನೀಲಿ.

"ಈ ಕೆಂಪು ನೋಡ್ರಿ, ಮೊದಲ ಬರದಿದ್ದು. ಹತ್ತರದ ಹಾದಿ. ಆದ್ರ ಅದು..." ಅವನು ಅವಳ ಮನೆ ಕಡೆ ಬೆರಳು ತೋರಿಸಿದ. "ನಿಮ್ಮ ಅಂಗಳದಾಗಿಂದ ಹೋಗ್ತದ. ನಿಮಗ ಹೇಳಿರ್ಲಿಲ್ಲ. ಹೇಳ್ಲಾಕ ಬಾಯಿ ಬರ್ಲಿಲ್ಲ ನನಗ."

ಲುಂಬಿನಿಯ ಹೆಜ್ಜೆ ನಿಂತಿತು.

"ಹೆದರಬ್ಯಾಡ್ರಿ! ಬ್ಯಾಸಗ್ಯಾಗೂ ನೀರು ಅದ ಅಂತ ನೀವು ಬರದ್ರಲ್ಲ, ಅದನ್ನೇ ಹಿಡಕೊಂಡೆ. ಮೀಟಿಂಗ್‌ದಾಗ ಎಂಟು ಮಂದಿ ಎದುರು ಟೇಬಲ್ ಬಡದು ಹೇಳೀನಿ, ಅಲ್ಲಿ ಒರತಿ ಅದ, ಒರತಿ ಇದ್ದಲ್ಲಿ ಕೊರಿಯಂಗಿಲ್ಲ, ಕಾಲುವಿ ದಿಬ್ಬದ ಆಚಿಗಿಂದ ಹೋಗ್ಲಿ ಅಂತ. ಒಪ್ಪ್ಯಾರ. ನಾ ಒಮ್ಮೆ ನೋಡಿ ಸಹಿ ಮಾಡಿದ್ರ ನೀಲಿ ಗೆರಿ ಕಾಯಂ. ನಿಮ್ಮ ಮನಿ ಉಳೀತು!"

ಅವನು ಮಗುವಿನಂತೆ ನಗುತ್ತಿದ್ದ. ಅವಳ ಸುಳ್ಳು ಅವಳಿಗೆ ಗೊತ್ತಿಲ್ಲದೆಯೇ ಅವಳ ಮನೆ ಕಾಯುತ್ತ ನಿಂತಿತ್ತು.

ಕಂಬದ ಬಳಿ ಬಂದರು. ಮೇಲೂ ಒಣ, ಕೆಳಗೂ ಒಣ, ನಡುವೆ ಒಂದು ಚಾಪೆಯಷ್ಟಗಲ ಒದ್ದೆ. ಅದರ ಪಕ್ಕ ಸಾಬಮ್ಮ ಮರೆತು ಬಿಟ್ಟ ಕೊಡ.

ಸುರೇಶಕುಮಾರ ಬಾಗಿ ಕೊಡವನ್ನು ಎತ್ತಿ ನೆಟ್ಟಗೆ ನಿಲ್ಲಿಸಿದ.

"ಎಷ್ಟು ದಿನದಿಂದ?"

"ಮೇ ಎರಡರಿಂದ್ರಿ."

"ಯಾಕ?"

"ನೀರಿಲ್ಲಂದ್ರ ಮೆಸೇಜ್ ಹಾಕಬ್ಯಾಡ ಅಂದಿದ್ರಿ." ಅವಳು ತಲೆ ಎತ್ತಲಿಲ್ಲ. "ಅದಕ್ಕ."

ಅವನು ಅಲ್ಲೇ ಚಪ್ಪಟೆ ಫರ್ಸಿಕಲ್ಲಿನ ಮೇಲೆ ಕುಂತುಬಿಟ್ಟ. ಬೈದಿದ್ದರೆ ಚೆನ್ನಾಗಿತ್ತು. ಅವನು ಬೈಯಲಿಲ್ಲ. "ನಾ ನಿಮ್ಮ ಅಂಕಿ ಮ್ಯಾಲ ಆಣಿ ಮಾಡ್ತಿದ್ದೆ ಲುಂಬಿನಿಯವರ," ಎಂದ, ಅಷ್ಟೇ. ಅದು ಬೈಗುಳಕ್ಕಿಂತ ಹೆಚ್ಚಾಯಿತು.

ಆಮೇಲೆ ಅವನೇ, ತನಗೆ ತಾನೇ ಹೇಳಿಕೊಳ್ಳುವಂತೆ, ಮೆಲ್ಲಗೆ ಮಾತು ತೆಗೆದ. "ಇಲ್ಲಿಗಿ ಇನ್ನ ಯಾರೂ ಬರಂಗಿಲ್ಲ. ಹದಿನೈದು ದಿನಕ್ಕ ಮಳಿ ಬೀಳ್ತದ. ಒರತಿ ಇತ್ತೋ ಇಲ್ಲೋ ಯಾರಿಗಿ ತಿಳೀತದ? ನಾ ಸಹಿ ಮಾಡಿದ್ರ ಮುಗೀತು. ನಿಮ್ಮ ಮನಿ ಉಳೀತದ, ನಿಮ್ಮ ಕೆಲಸ ಉಳೀತದ, ನನ್ನ ಮಾನ ಉಳೀತದ." ಅವನು ಅವಳ ಕಡೆ ನೋಡಿದ. ಆ ನೋಟದಲ್ಲಿ ಬೇಡಿಕೆ ಇತ್ತು. ಹೂಂ ಅನ್ನು ಎನ್ನುತ್ತಿದ್ದನೋ, ಬೇಡ ಅನ್ನು ಎನ್ನುತ್ತಿದ್ದನೋ ಅವನಿಗೇ ಗೊತ್ತಿದ್ದಂತಿರಲಿಲ್ಲ.

"ಬುಕ್ ತರ್ತೀನಿ," ಎಂದಳು ಲುಂಬಿನಿ. "ನನ್ನ ಸುಳ್ಳಿಗಿ ನಿಮ್ಮ ಸಹಿ ಬ್ಯಾಡ್ರಿ."

ನೀರಿನ ಮಟ್ಟ ಬರೆಯುವ ಗೇಜ್ ಬುಕ್ಕಿನಲ್ಲಿ ರಬ್ಬರ್ ಹಾಕುವಂತಿಲ್ಲ. ತಪ್ಪು ಅಂಕಿಯ ಮೇಲೆ ಒಂದೇ ಒಂದು ಗೆರೆ ಎಳೆಯಬೇಕು, ಅಡಿಯ ಅಂಕಿ ಓದಲು ಬರಬೇಕು. ಪಕ್ಕದಲ್ಲಿ ಸರಿಯಾದದ್ದು, ಅದರ ಮುಂದೆ ಕಾರಣ, ಆಮೇಲೆ ಓದಿದವರ ಸಹಿ, ನೋಡಿದವರ ಸಹಿ. ಇಬ್ಬರೂ ಪಡಸಾಲೆಯಲ್ಲಿ ಎದುರುಬದುರು ಕುಂತರು. ಸಾಬಮ್ಮ ಒಮ್ಮೆ ಇಣುಕಿ ನೋಡಿ, ಸದ್ದಿಲ್ಲದೆ ಒಳಗೆ ಹೋದಳು.

"ಕಾರಣದಾಗ 'ಓದಿದವರ ತಪ್ಪು' ಅಂತ ಬರೀರಿ, ಸಾಕು," ಎಂದ ಅವನು.

"ತಪ್ಪಿ ಬರದಿದ್ದಲ್ರಿ. ಗೊತ್ತಿದ್ದೇ ಬರದೀನಿ. ತಪ್ಪು ಅಂದ್ರ ಅದು ಇಪ್ಪತ್ನಾಕನೇ ಸುಳ್ಳಾಗ್ತದ."

ಅವಳು ಬರೆಯತೊಡಗಿದಳು. ದುಂಡನೆಯ ಅಕ್ಷರ, ಒಂದೊಂದು ಸಾಲು.

ಮೇ 2: ಒಣ. ಕಾರಣ: ಹೋದ ವರ್ಷದ ಬೇಸಿಗೆ ನೆನಪಾಯಿತು.

ಮೇ 7: ಒಣ. ಕಾರಣ: ಊಟ ಆಯ್ತೇನು ಅಂತ ಕೇಳಿದ್ದಿರಿ. ನಾಳೆಯೂ ಕೇಳಲಿ ಅಂತ.

ಮೇ 11: ಒಣ. ಕಾರಣ: ಚಿಗವ್ವ ಸಂತೆಗೆ ಹೋಗಿದ್ದಳು. ಮನೆ ಬಿಕೋ ಅನ್ನುತ್ತಿತ್ತು.

ಮೇ 16: ಒಣ. ಕಾರಣ: ನಿಮಗೆ ಜ್ವರ ಇತ್ತು. ಇಳಿಯಿತೋ ಇಲ್ಲವೋ ತಿಳಿಯಬೇಕಿತ್ತು.

ಒಂದೊಂದು ಸಾಲಿಗೂ ಅವನು ಬುಕ್ಕನ್ನು ತನ್ನ ಕಡೆ ತಿರುಗಿಸಿಕೊಂಡು ಓದುತ್ತಿದ್ದ, ಸಹಿ ಮಾಡಿ ತಿರುಗಿ ಅವಳ ಕಡೆ ಸರಿಸುತ್ತಿದ್ದ. ಹನ್ನೊಂದನೇ ತಾರೀಖಿನ ಸಹಿ ನೆಟ್ಟಗಿರಲಿಲ್ಲ. ಹದಿನಾರರ ಸಾಲನ್ನು ಎರಡು ಸಲ ಓದಿ ಸಹಿ ಮಾಡಿದ. ಇಪ್ಪತ್ನಾಲ್ಕಕ್ಕೆ ಅವಳು ಕಾರಣ ಬರೆಯಲು ಹೊತ್ತು ಹಿಡಿಯಿತು. ಕೊನೆಗೆ ಎರಡೇ ಶಬ್ದ ಬರೆದು, ಬುಕ್ ತಾನೇ ತಿರುಗಿಸಿ ಅವನ ಮುಂದಿಟ್ಟಳು.

ಕಾರಣ: ನೀವು ಬೇಕು.

ಅವನು ಓದಿದ. ಸಹಿ ಮಾಡಿದ. ಬುಕ್ ಮುಚ್ಚಿ ಚೀಲದಲ್ಲಿಟ್ಟುಕೊಂಡು ಎದ್ದ. ಜೀಪು ಹತ್ತುವಾಗ ತಿರುಗಿ, "ಚಹಾ ಭಾಳ ಛಲೋ ಇತ್ರಿ," ಎಂದ. ಅಷ್ಟೇ ಹೇಳಿ ಹೋದ. ಧೂಳು ಕೂರುವ ತನಕ ಲುಂಬಿನಿ ಬಾಗಿಲಲ್ಲಿ ನಿಂತಿದ್ದಳು.

"ಮನಿ ಹೋತಲ್ಲೇ ಪೋರಿ," ಎಂದಳು ಸಾಬಮ್ಮ, ಬೆನ್ನ ಮೇಲೆ ಕೈಯಿಟ್ಟು.

"ಹೋಗ್ಲಿ ಚಿಗವ್ವಾ. ಕೂಗಿದ್ರ ಓ ಅನ್ನೋರಿಲ್ಲದ ಮನಿ." ಹಾಗೆಂದು ಒಳಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತಳು. ಮನೆಗಾಗಿ ಅಲ್ಲ.

ಮರುದಿನ ಆಫೀಸಿನಿಂದ ಯಾರದೋ ಮೆಸೇಜ್ ಬಂತು, ಇನ್ನು ಮುಂದೆ ರೀಡಿಂಗ್ ಬೇಡ ಎಂದು. ಜೂನಿನಲ್ಲಿ ಕಂಬದ ಮೇಲೆ ಒಂದು ಸೋಲಾರ್ ಡಬ್ಬಿ ಕೂರಿಸಿದರು. ಅದು ನೀರಿನ ಮಟ್ಟ ತಾನೇ ಅಳೆದು ತಾನೇ ಕಲಬುರಗಿಗೆ ಕಳಿಸುತ್ತಿತ್ತು. ಅದಕ್ಕೆ ಊಟ ಆಯ್ತೇನು ಎಂದು ಯಾರೂ ಕೇಳಬೇಕಿರಲಿಲ್ಲ.

ಆದರೂ ಎಂಟಕ್ಕೆ ಕಾಲು ತಾವಾಗಿ ಹಳ್ಳದ ಕಡೆ ಹೋಗುತ್ತಿದ್ದವು. ಮಟ್ಟ ಓದುತ್ತಿದ್ದಳು, ಫೋನಿನಲ್ಲಿ ಅಂಕಿ ಒತ್ತುತ್ತಿದ್ದಳು, ಅಳಿಸುತ್ತಿದ್ದಳು. ಅತ್ತ ಕಡೆಯಿಂದ ಏನೂ ಬರಲಿಲ್ಲ. ಜುಲೈ ಹೋಯಿತು, ಆಗಸ್ಟ್ ಹೋಯಿತು. ಅಂಗಳ ಅಳೆಯುವವರು ಬಂದು ಕೆಂಪು ಬಣ್ಣದ ಗೂಟ ನೆಟ್ಟರು. ಸೆಪ್ಟೆಂಬರಿನಲ್ಲಿ ಪರಿಹಾರ ಬಂತು. ಲುಂಬಿನಿ ಹೊಲಿಗೆ ಮಷೀನು, ಬುದ್ಧನ ಫೋಟೊ, ಪಾತ್ರೆಪಗಡ ಟೆಂಪೋಗೆ ಹಾಕಿಸಿ ಚಿತ್ತಾಪುರದ ಬಸ್ ಸ್ಟ್ಯಾಂಡ್ ಹಿಂದಿನ ಗಲ್ಲಿಯಲ್ಲಿ ಒಂದು ಬಾಡಿಗೆ ಕೋಣೆ ಹಿಡಿದಳು.

ಗಲ್ಲಿಯಲ್ಲಿ ಗದ್ದಲಕ್ಕೇನೂ ಕೊರತೆಯಿಲ್ಲ. ಪಕ್ಕದ ಮನೆಯ ಶಹರಬಾನು ಬ್ಲೌಸಿಗೆ ಅಳತೆ ಕೊಡಲು ಬಂದು ತಾಸುಗಟ್ಟಲೆ ಮಾತಾಡುತ್ತಿದ್ದಳು. ಆದರೆ ಬಂದವರೆಲ್ಲ ಹುಕ್ಕಿಗೋ ಫಾಲ್ಸಿಗೋ ಬರುತ್ತಿದ್ದರು. ಒಂಟಿತನ ಅನ್ನುವುದು ಮನೆಗಳ ಲೆಕ್ಕದಿಂದ ಕಡಿಮೆಯಾಗುವ ವಸ್ತುವಲ್ಲ ಎಂದು ಅವಳಿಗೆ ಅಲ್ಲಿ ಗೊತ್ತಾಯಿತು.

ಜನವರಿಯಲ್ಲಿ ಹಳ್ಳ ತಿರುಗಿಸುತ್ತಾರೆಂಬ ಸುದ್ದಿ ಕೇಳಿ ನೋಡಲು ಹೋದಳು. ಮನೆ ಇದ್ದ ಜಾಗದಲ್ಲಿ ಅಗಲವಾದ ಕಾಲುವೆ, ಇಳಿಜಾರು ದಂಡೆಗೆ ಕಲ್ಲು ಜೋಡಿಸಿದ್ದರು. ತಿರುವುಗಳೆಲ್ಲ ನಿಧಾನವಾಗಿ ಬಳಸಿಕೊಂಡು ಹೋಗುತ್ತಿದ್ದವು, ನೀರಿಗೆ ನೋವಾಗಬಾರದು ಎಂದು ಯಾರೋ ಯೋಚಿಸಿ ಬರೆದಂತೆ. ಹಳೇ ಹರಿವಿಗೆ ಅಡ್ಡ ಒಡ್ಡು ಹಾಕಿದರು. ತೆಳ್ಳಗಿನ ನೀರು ಒಡ್ಡಿಗೆ ಬಂದು ನಿಂತಿತು, ಸ್ವಲ್ಪ ಏರಿತು, ಆಮೇಲೆ ಹೊಸ ಕಾಲುವೆಯೊಳಗೆ ಇಳಿಯಿತು. ಜನ ಚಪ್ಪಾಳೆ ತಟ್ಟಿದರು. ಅವಳು ಆ ಜನರ ನಡುವೆ ಒಂದು ಆಕಾಶ ನೀಲಿ ಅಂಗಿ ಹುಡುಕಿದಳು. ಇರಲಿಲ್ಲ.

ಮಶಾಕ ಇದ್ದ. "ಸಾಹೇಬ್ರಿಗಿ ಈ ಕೆಲಸದಿಂದ ತೆಗದಾರ್ರಿ. ಚಿಂಚೋಳಿ ಕಡಿ ಕೆರಿ ಸರ್ವೇಕ್ಕ ಹಾಕ್ಯಾರ. ಕಾರಣದ ಕಾಲಂ ಸಮೇತ ಬುಕ್ ಒಪ್ಪಿಸ್ಯಾರಂತ. ಆಫೀಸಿನ್ಯಾಗ ಮಂದಿ ಓದಿ ಓದಿ ನಕ್ಕರು. ಇವ್ರು ತಲಿ ತಗ್ಗಿಸಲಿಲ್ಲಂತ."

"ನನ್ನ ಬಗ್ಗೆ ಏನರೆ ಕೇಳಿದ್ರೇನು?"

"ಸುಳ್ಳ್ಯಾಕ ಹೇಳ್ಲಿ, ಇಲ್ರಿ. ಈಗ ಯಾರ ಜೋಡಿನೂ ಭಾಳ ಮಾತಿಲ್ಲ. ಏನರೆ ಹೇಳ್ಬೇಕೇನ್ರಿ?"

"ಬ್ಯಾಡ," ಎಂದಳು ಲುಂಬಿನಿ.

ಮುಂದಿನ ಭಾನುವಾರ ಮಧ್ಯಾಹ್ನ ಅವಳು ತಲೆ ತಗ್ಗಿಸಿ ಹುಕ್ಕು ಹಚ್ಚುತ್ತಿದ್ದಳು. ಬಾಗಿಲಿಗೆ ನೆರಳು ಬಿತ್ತು. ಶಹರಬಾನು ಇರಬೇಕೆಂದು, "ಇನ್ನೂ ಆಗಿಲ್ಲ, ಸಂಜಿಗಿ ಬರ್ರಿ," ಎಂದಳು.

"ಸಂಜಿ ತನಕ ಇಲ್ಲೇ ನಿಂದರ್ಲೇನು?"

ಸೂಜಿ ಬೆರಳಿಗೆ ಚುಚ್ಚಿತು. ಸುರೇಶಕುಮಾರ ಸೊರಗಿದ್ದ. ಬಸ್ಸಿನ ಧೂಳು ಹುಬ್ಬಿನ ಮೇಲಿತ್ತು. ಕೈಯಲ್ಲಿ ಚೀಲವಿಲ್ಲ, ನಕಾಶೆಯಿಲ್ಲ. ಬರಿಗೈ.

ಅವಳು ಏಳಲಿಲ್ಲ. "ಏನ್ ಕೆಲಸಿತ್ರಿ?"

"ಏನೂ ಇಲ್ಲ."

"ಯಾವುದರೆ ಕಾಗದಕ್ಕ ಸಹಿ ಬೇಕಿತ್ತೇನು?"

"ಇಲ್ಲ."

"ಇತ್ಲಾಗ ಸರ್ವೇ ಏನರೆ..."

"ಇಲ್ರಿ. ಮಶಾಕಣ್ಣನ ಕಡಿಂದ ವಿಳಾಸ ತಗೊಂಡು, ಚಿಂಚೋಳಿಯಿಂದ ಮೂರು ಬಸ್ ಬದಲಿಸಿ ಬಂದೀನಿ, ಕೆಲಸ ಇಲ್ದ." ಅವನು ಚೌಕಟ್ಟು ಹಿಡಿದುಕೊಂಡ. "ಜುಲೈ ತನಕ ಸಿಟ್ಟಿತ್ತು. ಖರೇ ಹೇಳ್ತೀನಿ, ಭಾಳ ಸಿಟ್ಟಿತ್ತು. ಆಮ್ಯಾಲ ನಾಚಿಕಿ. ನನ್ನ ಸಹಿಯಿಂದ ನಿಮ್ಮ ಮನಿ ಬಿತ್ತು, ಯಾವ ಮುಖ ಇಟ್ಕೊಂಡು ಬರ್ಲಿ? ಒಂದು ನೆವ ಸಿಕ್ರ ಬರ್ತೀನಿ ಅಂತ ಆವಾಗಿಂದ ಹುಡಿಕೀನಿ. ಸಿಗ್ಲಿಲ್ಲ."

"ನೆವ ಇಲ್ದ ಬರಬಹುದಿತ್ರಿ," ಎಂದಳು ಲುಂಬಿನಿ. ಕಣ್ಣು ತುಂಬಿತ್ತು, ಒರೆಸಿಕೊಳ್ಳಲಿಲ್ಲ. "ನನಗ ಅದು ತಿಳೀದ ಇಪ್ಪತ್ಮೂರು ದಿನ ಸುಳ್ಳು ಬರದೆ. ನಿಮಗ ತಿಳೀದ ಎಂಟು ತಿಂಗಳು ಹೋತು. ಇಬ್ಬರಾಗ ದಡ್ಡರು ಯಾರ್ರಿ?"

"ನಾನೇ," ಎಂದು ನಕ್ಕ. ಎಷ್ಟೋ ದಿನಕ್ಕೆ ನಕ್ಕವನಂತೆ ಆ ನಗು ಅರ್ಧಕ್ಕೇ ನಿಂತಿತು. "ಆ ಕೊನೀ ಸಾಲಿಗಿ ಉತ್ತರ ಕೊಟ್ಟಿರ್ಲಿಲ್ಲ. ನನಗೂ ನೀವು ಬೇಕು, ಲುಂಬಿನಿ. ಅಂಕಿ ಬ್ಯಾಡ, ಏನೂ ಬ್ಯಾಡ. ದಿನಾ ಬೇಕು."

ಹೆಸರಿನ ಮುಂದೆ 'ಯವರ' ಇಲ್ಲದೆ ಅವನು ಕರೆದದ್ದು ಅದೇ ಮೊದಲು. ಅವಳು ಮಡಿಲಲ್ಲಿದ್ದ ಬಟ್ಟೆ ತೆಗೆದಿಟ್ಟು, ಚಾಪೆ ಹಾಸಿ, "ಒಳಗ ಬರ್ರಿ, ಕುಂದರ್ರಿ," ಎಂದಳು.

ಹಿಂದಿನಿಂದ ಸಾಬಮ್ಮನ ದನಿ ಬಂತು. "ಯಾರೇ ಲುಂಬಿ ಬಂದೋರು? ಬ್ಲೌಸ್ ಒಯ್ಲಾಕ ಬಂದಾರೇನು?"

"ಅಲ್ಲ ಚಿಗವ್ವಾ," ಎಂದಳು ಲುಂಬಿನಿ. "ನನ್ನ ನೋಡ್ಲಾಕ ಬಂದಾರ."